ಕೆರೆಯ ಹಸಿರು ಪದರ: ಪಾಚಿಯ ವಿಷಕ್ಕೂ ನರರೋಗಕ್ಕೂ ನಂಟಿದೆಯೇ?

ಕಕ್ಕೇರಾ: ಕೃಷ್ಣಾ ನದಿಗೆ ಸಮೀಪದಲ್ಲಿದ್ದರೂ ಸುರಪುರ, ಶಹಾಪುರ ಭಾಗದ ಜನರಿಗೆ ಕುಡಿಯುವ ನೀರು ಎಂದಿಗೂ ಸುಲಭದ ವಿಷಯವಾಗಿರಲಿಲ್ಲ. ಯಾದಗಿರಿ ಜಿಲ್ಲೆಯ ಹಲವೆಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ಶಂಖಪಾಷಾಣ ಇರುವುದು, ಅದರಿಂದ ಅಲ್ಲಿನ ಜನರ ಚರ್ಮಕ್ಕೆ ಹಾನಿಯಾಗಿರುವುದು ವೈಜ್ಞಾನಿಕ ಅಧ್ಯಯನಗಳಲ್ಲಿ ದಾಖಲಾಗಿದೆ.

ಇದಕ್ಕೆ ಪರಿಹಾರವಾಗಿ ಕಂಡಿದ್ದು ನದಿ ಮತ್ತು ಜಲಾಶಯದ ನೀರು. 2023ರ ಜನವರಿ 19ರಂದು ಹುಣಸಗಿ ತಾಲ್ಲೂಕಿನ ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಜಲಜೀವನ ಮಿಷನ್ ಅಡಿಯ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಶಂಕುಸ್ಥಾಪನೆ ನೆರವೇರಿಸಿದರು. ₹2,050 ಕೋಟಿಗೂ ಹೆಚ್ಚು ವೆಚ್ಚದ ಈ ಯೋಜನೆಯ ಶುದ್ಧೀಕರಣ ಘಟಕದ ಸಾಮರ್ಥ್ಯ ದಿನಕ್ಕೆ 11.7 ಕೋಟಿ ಲೀಟರ್. ಜಿಲ್ಲೆಯ 700ಕ್ಕೂ ಹೆಚ್ಚು ಜನವಸತಿಗಳು ಹಾಗೂ ಮೂರು ಪಟ್ಟಣಗಳ ಸುಮಾರು 2.3 ಲಕ್ಷ ಮನೆಗಳಿಗೆ ನೀರು ಒದಗಿಸುವುದು ಇದರ ಗುರಿ.

ಭೂಮಿಯೊಳಗಿನ ವಿಷದಿಂದ ಪಾರಾಗಲು ಮೇಲಿನ ನೀರಿಗೆ ಬರುವಾಗ ಬೇರೊಂದು ಎಚ್ಚರಿಕೆ ಅಗತ್ಯ. ಬಿಸಿಲು ಬೀಳುವ ನಿಂತ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಹರಡಿಕೊಳ್ಳುವ ಪಾಚಿಯೇ ಆ ಎಚ್ಚರಿಕೆಗೆ ಕಾರಣ. ಈ ಪಾಚಿಯ ವಿಷದಿಂದ ಯಕೃತ್ತಿಗೆ ಹಾನಿ ಎಂಬುದು ಸಾಬೀತಾದ ಸಂಗತಿ. ನರಕೋಶಗಳು ನಶಿಸುವ ರೋಗಗಳಿಗೂ ಅದು ಕಾರಣವಾಗಬಲ್ಲದೇ ಎಂಬ ಪ್ರಶ್ನೆ ವಿಜ್ಞಾನಿಗಳ ನಡುವೆ ಎರಡು ದಶಕಗಳಿಂದ ಚರ್ಚೆಯಲ್ಲಿದೆ.

ಏನಿದು ನೀಲಿ-ಹಸಿರು ಪಾಚಿ?

ಹೆಸರು ಪಾಚಿಯಾದರೂ ಇದು ಬ್ಯಾಕ್ಟೀರಿಯಾ ಗುಂಪಿಗೆ ಸೇರಿದ ಜೀವಿ. ಸಯನೋಬ್ಯಾಕ್ಟೀರಿಯಾ ಎಂಬುದು ಇದರ ಶಾಸ್ತ್ರೀಯ ಹೆಸರು. ಸಸ್ಯಗಳಂತೆ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಇವು ಭೂಮಿಯ ಅತ್ಯಂತ ಪ್ರಾಚೀನ ಜೀವಿಗಳಲ್ಲಿ ಸೇರಿವೆ. ಭತ್ತದ ಗದ್ದೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ರೈತನಿಗೆ ನೆರವಾಗುವ ಪಾಚಿಯೂ ಇದೇ ವರ್ಗದ್ದು. ಆದ್ದರಿಂದ ಪಾಚಿ ಕಂಡೊಡನೆ ಗಾಬರಿಗೊಳ್ಳಬೇಕಿಲ್ಲ.

ನಿಂತ ನೀರು, ಬಿಸಿಲು, ಹೇರಳ ರಂಜಕ ಮತ್ತು ಸಾರಜನಕ ಒಟ್ಟಿಗೆ ಸೇರಿದಾಗ ಇವು ಕೆಲವೇ ದಿನಗಳಲ್ಲಿ ಮಿತಿಮೀರಿ ಬೆಳೆಯುತ್ತವೆ. ಗದ್ದೆಗೆ ಹಾಕಿದ ರಸಗೊಬ್ಬರದ ಒಂದು ಪಾಲು ಬಸಿ ನೀರಿನೊಂದಿಗೆ ಹಳ್ಳ ಸೇರುತ್ತದೆ. ಊರಿನ ಚರಂಡಿ ನೀರು, ಬಟ್ಟೆ ಸೋಪಿನ ನೀರು, ದನದ ಸಗಣಿ ಕೆರೆ ಸೇರುತ್ತವೆ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಬಂದ ನಂತರ ಸುರಪುರ, ಶಹಾಪುರ ಭಾಗದಲ್ಲಿ ಭತ್ತದ ಬೆಳೆ ವ್ಯಾಪಕವಾಗಿದೆ. ಬೇಸಿಗೆಯಲ್ಲಿ ಕೆರೆ, ಹಳ್ಳಗಳಲ್ಲಿ ನೀರು ಇಳಿದು ಬಿಸಿಯೇರಿದಾಗ ಪಾಚಿ ಬೆಳೆಯಲು ಬೇಕಾದುದೆಲ್ಲ ಒಂದೆಡೆ ದೊರೆಯುತ್ತದೆ.

ಇದು ಹಳ್ಳಿಗಳಿಗೆ ಸೀಮಿತವಾದ ಸಮಸ್ಯೆಯಲ್ಲ. ಕೊಳಚೆ ನೀರು ಸೇರುವ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಆಗಿರುವುದೂ ಪೋಷಕಾಂಶಗಳ ಅತಿಭಾರವೇ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಆಮ್ಲಜನಕ ಕುಸಿದು ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಓದುಗರು ಮರೆತಿರಲಾರರು.

ಸಾಬೀತಾದ ಅಪಾಯ

ಪಾಚಿಯ ವಿಷದ ಕುರಿತು ಮೊದಲ ವೈಜ್ಞಾನಿಕ ವರದಿ ಬಂದದ್ದು 1878ರಲ್ಲಿ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ಪಾಚಿಗಟ್ಟಿದ ನೀರು ಕುಡಿದ ಕುರಿ, ದನ, ಕುದುರೆಗಳು ಸತ್ತ ಬಗೆಯನ್ನು ಜಾರ್ಜ್ ಫ್ರಾನ್ಸಿಸ್ ಎಂಬುವರು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದರು.

ಈ ವಿಷಗಳಲ್ಲಿ ಪ್ರಮುಖವಾದುದು ಮೈಕ್ರೊಸಿಸ್ಟಿನ್. ಇದು ಯಕೃತ್ತಿನ ಮೇಲೆ ದಾಳಿ ಮಾಡುತ್ತದೆ. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ನಗರದ ಡಯಾಲಿಸಿಸ್ ಕೇಂದ್ರವೊಂದರಲ್ಲಿ ಸರಿಯಾಗಿ ಶುದ್ಧೀಕರಿಸದ ಜಲಾಶಯದ ನೀರನ್ನು ಬಳಸಿದ್ದರಿಂದ 131 ರೋಗಿಗಳ ಪೈಕಿ 116 ಮಂದಿ ಅಸ್ವಸ್ಥರಾದರು. ಅವರಲ್ಲಿ 52 ಮಂದಿಯ ಸಾವಿಗೆ ಈ ವಿಷವೇ ಕಾರಣವೆಂದು ನಿರ್ಧರಿಸಲಾಯಿತು. ಅಲ್ಲಿ ವಿಷ ನೇರವಾಗಿ ರಕ್ತಕ್ಕೆ ಸೇರಿತ್ತು ಎಂಬುದನ್ನು ಗಮನಿಸಬೇಕು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ಈರಿ ಸರೋವರದ ಪಾಚಿಯಿಂದಾಗಿ 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯದಂತೆ ಸೂಚಿಸಲಾಗಿತ್ತು.

ಕುಡಿಯುವ ನೀರನ್ನು ಜೀವನಪರ್ಯಂತ ಬಳಸುವುದಾದರೆ ಮೈಕ್ರೊಸಿಸ್ಟಿನ್ ಪ್ರಮಾಣ ಲೀಟರಿಗೆ 1 ಮೈಕ್ರೊಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ಕೂಡ ನೀರು ಪಾಚಿ ಹಾಗೂ ವಿಷಕಾರಿ ಸೂಕ್ಷ್ಮಜೀವಿಗಳಿಂದ ಮುಕ್ತವಾಗಿರಬೇಕು ಎನ್ನುತ್ತದೆ. ಮುಖ್ಯ ಸಂಗತಿಯೆಂದರೆ, ಕುದಿಸುವುದರಿಂದ ಈ ವಿಷ ನಾಶವಾಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರಬಹುದು.

ಕೇಸರಿ ಬೇಳೆಯಿಂದ ಗ್ವಾಮ್ ದ್ವೀಪಕ್ಕೆ

ನರರೋಗದ ಸಂಶಯ ಸುತ್ತಿಕೊಂಡಿರುವುದು ಬಿಎಂಎಎ ಎಂಬ ಮತ್ತೊಂದು ವಸ್ತುವಿನ ಸುತ್ತ. ಇದೊಂದು ಅಮೈನೊ ಆಮ್ಲ. ಆದರೆ ನಮ್ಮ ದೇಹದ ಪ್ರೋಟೀನುಗಳಲ್ಲಿ ಸಹಜವಾಗಿ ಇರುವಂಥದ್ದಲ್ಲ. ಇದರ ಕಥೆಗೆ ಬೆಂಗಳೂರಿನ ನಂಟಿದೆ.

ತೊಗರಿಯ ಕಣಜವೆನಿಸಿದ ಈ ಭಾಗದವರಿಗೆ ಕೇಸರಿ ಬೇಳೆಯ ಹೆಸರು ಕಲಬೆರಕೆಯ ಸುದ್ದಿಗಳಿಂದ ಪರಿಚಿತ. ಮಧ್ಯ ಮತ್ತು ಉತ್ತರ ಭಾರತದಲ್ಲಿ ಬರಗಾಲದ ದಿನಗಳಲ್ಲಿ ತಿಂಗಳುಗಟ್ಟಲೆ ಇದನ್ನೇ ಉಂಡ ಬಡವರ ಕಾಲುಗಳು ಸೆಟೆದು ಲಕ್ವ ಹೊಡೆಯುತ್ತಿದ್ದವು. ಲ್ಯಾಥಿರಿಸಂ ಎಂಬ ಈ ರೋಗಕ್ಕೆ ಕಾರಣವಾದ ನರವಿಷವನ್ನು 1964ರಲ್ಲಿ ಬೇರ್ಪಡಿಸಿ ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಪ್ರಮುಖರು. ಅದೂ ಒಂದು ಅಮೈನೊ ಆಮ್ಲವೇ. ಆಹಾರದಲ್ಲಿನ ಅಮೈನೊ ಆಮ್ಲವೊಂದು ನರಗಳನ್ನು ಹಾಳುಗೆಡವಬಲ್ಲದು ಎಂಬುದು ಹೀಗೆ ದೃಢಪಟ್ಟಿತು.

ಇದೇ ಕಾಲಕ್ಕೆ ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದ ಒಂದು ಒಗಟು ವೈದ್ಯಲೋಕವನ್ನು ಕಾಡುತ್ತಿತ್ತು. ಅಲ್ಲಿನ ಚಮೊರೊ ಜನಾಂಗದಲ್ಲಿ ಎಎಲ್‌ಎಸ್, ಅಂದರೆ ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳು ಸಾಯುವ ರೋಗ, 1950ರ ದಶಕದಲ್ಲಿ ಬೇರೆಡೆಗಿಂತ 50ರಿಂದ 100 ಪಟ್ಟು ಹೆಚ್ಚಾಗಿತ್ತು. ಅದರೊಂದಿಗೆ ಪಾರ್ಕಿನ್ಸನ್ ಹಾಗೂ ಮರೆಗುಳಿತನದ ಲಕ್ಷಣಗಳೂ ಕಾಣುತ್ತಿದ್ದವು. ದ್ವೀಪವಾಸಿಗಳು ಸೈಕಾಡ್ ಮರದ ಬೀಜದ ಹಿಟ್ಟಿನ ರೊಟ್ಟಿ ತಿನ್ನುತ್ತಿದ್ದರು. ಕೇಸರಿ ಬೇಳೆಯಂತಹ ವಿಷ ಅದರಲ್ಲಿಯೂ ಇರಬಹುದೇ ಎಂದು ಹುಡುಕಿದ ವೇಗಾ ಮತ್ತು ಆರ್ಥರ್ ಬೆಲ್ ಅವರಿಗೆ 1967ರಲ್ಲಿ ದೊರೆತದ್ದೇ ಬಿಎಂಎಎ.

1987ರಲ್ಲಿ ಪೀಟರ್ ಸ್ಪೆನ್ಸರ್ ತಂಡ ಕೋತಿಗಳಿಗೆ ಇದನ್ನು ತಿನ್ನಿಸಿದಾಗ ನರದೌರ್ಬಲ್ಯ ಕಾಣಿಸಿಕೊಂಡಿತು. ಆದರೆ ಹಿಟ್ಟನ್ನು ಹಲವು ಬಾರಿ ನೀರಿನಲ್ಲಿ ತೊಳೆಯುವುದರಿಂದ ಹೆಚ್ಚಿನ ಪಾಲು ವಿಷ ಹೊರಟುಹೋಗುತ್ತದೆ, ರೊಟ್ಟಿಯಿಂದ ಅಷ್ಟು ಪ್ರಮಾಣ ದೇಹ ಸೇರದು ಎಂಬ ಆಕ್ಷೇಪ 1990ರ ವೇಳೆಗೆ ಬಂದು ಆ ವಾದ ಹಿನ್ನೆಲೆಗೆ ಸರಿಯಿತು.

ಬಾವಲಿ ನೀಡಿದ ಸುಳಿವು

2002ರಲ್ಲಿ ಸಸ್ಯವಿಜ್ಞಾನಿ ಪಾಲ್ ಕಾಕ್ಸ್ ಹಾಗೂ ನರವೈದ್ಯ ಆಲಿವರ್ ಸ್ಯಾಕ್ಸ್ ಹೊಸ ಊಹೆಯೊಂದನ್ನು ಮುಂದಿಟ್ಟರು. ಚಮೊರೊ ಜನರು ಇಷ್ಟಪಟ್ಟು ತಿನ್ನುತ್ತಿದ್ದ ಬಾವಲಿಗಳು ಸೈಕಾಡ್ ಬೀಜಗಳನ್ನು ತಿನ್ನುತ್ತಿದ್ದವು. ಮರುವರ್ಷ ಕಾಕ್ಸ್ ತಂಡ ತೋರಿಸಿದ್ದು ಇನ್ನೂ ಮುಂದಿನ ಹೆಜ್ಜೆ: ವಿಷವನ್ನು ಮೂಲತಃ ತಯಾರಿಸುವುದು ಸೈಕಾಡ್ ಬೇರಿನಲ್ಲಿ ವಾಸಿಸುವ ನೀಲಿ-ಹಸಿರು ಪಾಚಿ. ಪಾಚಿಯಿಂದ ಮರಕ್ಕೆ, ಮರದಿಂದ ಬಾವಲಿಗೆ ಬರುವಷ್ಟರಲ್ಲಿ ಅದರ ಸಾಂದ್ರತೆ 10,000 ಪಟ್ಟಿಗೂ ಹೆಚ್ಚಾಗಿತ್ತು. 2005ರಲ್ಲಿ ಇದೇ ತಂಡ, ಜಗತ್ತಿನೆಲ್ಲೆಡೆ ಕಾಣುವ ಹಲವು ಬಗೆಯ ನೀಲಿ-ಹಸಿರು ಪಾಚಿಗಳಲ್ಲಿ ಬಿಎಂಎಎ ಇದೆ ಎಂದು ವರದಿ ಮಾಡಿತು. ದ್ವೀಪದ ಒಗಟು ಎಲ್ಲ ಊರುಗಳ ಕೆರೆಯ ಪ್ರಶ್ನೆಯಾದದ್ದು ಹೀಗೆ.

2009ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮಸ್ಕೋಮಾ ಸರೋವರದ ಬಳಿ ವಾಸವಿದ್ದ 9 ಮಂದಿಯಲ್ಲಿ ಎಎಲ್‌ಎಸ್ ಕಂಡುಬಂದದ್ದನ್ನು ವೈದ್ಯರು ವರದಿ ಮಾಡಿದರು. 2016ರಲ್ಲಿ 140 ದಿನ ಬಿಎಂಎಎ ತಿನ್ನಿಸಿದ ಕೋತಿಗಳ ಮಿದುಳಿನಲ್ಲಿ ಅಲ್ಝೈಮರ್ ರೋಗವನ್ನು ಹೋಲುವ ಪ್ರೋಟೀನ್ ಗಂಟುಗಳು ಕಂಡವು. ಸೆರಿನ್ ಎಂಬ ಸಹಜ ಅಮೈನೊ ಆಮ್ಲದ ಜಾಗದಲ್ಲಿ ಬಿಎಂಎಎ ಸೇರಿಕೊಂಡು ಪ್ರೋಟೀನುಗಳು ತಪ್ಪಾಗಿ ಮಡಚಿಕೊಳ್ಳುತ್ತವೆ ಎಂಬುದು ಒಂದು ವಿವರಣೆ.

ಒಪ್ಪದವರ ವಾದ

ಈ ಸಾಕ್ಷ್ಯಗಳನ್ನು ಎಲ್ಲರೂ ಒಪ್ಪಿಲ್ಲ. ಬಿಎಂಎಎಯನ್ನು ಅಳೆಯುವ ಹಳೆಯ ವಿಧಾನಗಳು ಅದನ್ನೇ ಹೋಲುವ ಬೇರೆ ವಸ್ತುಗಳನ್ನು ತಪ್ಪಾಗಿ ಲೆಕ್ಕಕ್ಕೆ ಹಿಡಿದಿರಬಹುದು ಎಂಬುದು ಮುಖ್ಯ ಆಕ್ಷೇಪ. ರೋಗಿಗಳ ಮಿದುಳಿನಲ್ಲಿ ಅದು ಸಿಕ್ಕಿತೆಂದು ಒಂದು ತಂಡ ಹೇಳಿದರೆ, ಮತ್ತೊಂದು ತಂಡಕ್ಕೆ ಸಿಗಲಿಲ್ಲ. ಕೋತಿಗಳಿಗೆ ನೀಡಿದ ಪ್ರಮಾಣ ಮನುಷ್ಯರ ದೇಹ ಸೇರುವ ಪ್ರಮಾಣಕ್ಕಿಂತ ಬಹಳ ಹೆಚ್ಚು. ಎಎಲ್‌ಎಸ್ ವಿರಳ ರೋಗವಾದ್ದರಿಂದ ಒಂದೇ ಊರಿನಲ್ಲಿ ಕೆಲವರು ಒಟ್ಟಿಗೆ ಕಂಡುಬರುವುದು ಕಾಕತಾಳೀಯವೂ ಆಗಿರಬಹುದು. ಬಿಎಂಎಎ ಮನುಷ್ಯರಲ್ಲಿ ನರರೋಗ ತರುತ್ತದೆ ಎನ್ನಲು ಈವರೆಗಿನ ಆಧಾರಗಳು ಸಾಲವು ಎಂದು 2017ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳಿದ್ದ ತಂಡದ ವಿಮರ್ಶೆ ತೀರ್ಮಾನಿಸಿತು.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 30 ವರ್ಷಗಳ ಅವಧಿಯ 1,153 ಎಎಲ್‌ಎಸ್ ರೋಗಿಗಳ ವಿವರಗಳನ್ನು 2008ರಲ್ಲಿ ಪ್ರಕಟಿಸಿದ್ದಾರೆ. ರೋಗ ಆರಂಭವಾಗುವ ಸರಾಸರಿ ವಯಸ್ಸು ಸುಮಾರು 46; ಇದು ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಒಂದು ದಶಕ ಮೊದಲು. ಇದನ್ನು ಪಾಚಿಗೆ ಗಂಟು ಹಾಕುವುದು ಸರಿಯಲ್ಲ. ಆದರೆ ಇಂತಹ ರೋಗಿಗಳ ವಿವರ ಬರೆದುಕೊಳ್ಳುವಾಗ ಅವರು ಬಾಳಿದ ಊರು, ಕುಡಿದ ನೀರಿನ ಮೂಲಗಳೂ ದಾಖಲಾದರೆ ಮುಂದೊಂದು ದಿನ ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾದೀತು.

ಸದ್ಯ ಮಾಡಬಹುದಾದುದೇನು?

ನರರೋಗದ ನಂಟು ಸಾಬೀತಾಗುವವರೆಗೆ ಕಾಯಬೇಕಿಲ್ಲ. ಯಕೃತ್ತಿನ ವಿಷದಿಂದ ಪಾರಾಗಲು ಕೈಗೊಳ್ಳುವ ಕ್ರಮಗಳೇ ಪಾಚಿಯನ್ನೂ ದೂರವಿಡುತ್ತವೆ.

* ಪಾಚಿ ತುಂಬಿದ ನೀರಿಗೆ ಏಕಾಏಕಿ ಮೈಲುತುತ್ತ ಅಥವಾ ಬ್ಲೀಚಿಂಗ್ ಪುಡಿ ಸುರಿದರೆ ಪಾಚಿಯ ಕೋಶಗಳು ಒಡೆದು ಒಳಗಿನ ವಿಷ ನೀರಿಗೆ ಬಿಡುಗಡೆಯಾಗುತ್ತದೆ. ಮೊದಲು ಪಾಚಿಯನ್ನು ಸೋಸಿ ತೆಗೆದು, ಅನಂತರ ಕ್ಲೋರಿನ್ ಬಳಸುವುದು ಸರಿಯಾದ ಕ್ರಮ. ಕ್ಲೋರಿನ್ ಬೆರೆಸಿ ಕನಿಷ್ಠ ಅರ್ಧ ಗಂಟೆ ಬಿಟ್ಟರೆ ಮೈಕ್ರೊಸಿಸ್ಟಿನ್ ಬಹುಪಾಲು ಕಡಿಮೆಯಾಗುತ್ತದೆ. ಸಕ್ರಿಯ ಇಂಗಾಲದ ಶೋಧಕವೂ ಪರಿಣಾಮಕಾರಿ.

* ಬಹುಗ್ರಾಮ ಯೋಜನೆಗಳ ನೀರಿನ ಪರೀಕ್ಷೆಯಲ್ಲಿ ಫ್ಲೋರೈಡ್, ನೈಟ್ರೇಟ್‌ಗಳ ಜತೆಗೆ ಬೇಸಿಗೆ ತಿಂಗಳುಗಳಲ್ಲಿ ಪಾಚಿಯ ತಪಾಸಣೆಯೂ ಸೇರಬೇಕು.

* ಹಸಿರು ಬಣ್ಣ ಬಳಿದಂತೆ, ಕೆನೆಗಟ್ಟಿದಂತೆ ಕಾಣುವ ಕೆರೆ, ಹೊಂಡದ ನೀರನ್ನು ಕುಡಿಯಬಾರದು, ಅಡುಗೆಗೆ ಬಳಸಬಾರದು. ಮಕ್ಕಳು ಈಜಲು, ದನಕರು, ಕುರಿಗಳು ಕುಡಿಯಲು ಬಿಡಬಾರದು. ಅಲ್ಲಿ ಹಿಡಿದ ಮೀನಿನ ಕರುಳು, ಯಕೃತ್ತನ್ನು ತಿನ್ನಬಾರದು.

* ಮನೆಯ ಮೇಲಿನ ಟ್ಯಾಂಕ್, ನೆಲದ ತೊಟ್ಟಿಗಳಿಗೆ ಬೆಳಕು ಬೀಳದಂತೆ ಮುಚ್ಚಳವಿರಲಿ. ಬೆಳಕಿಲ್ಲದೆಡೆ ಪಾಚಿ ಬೆಳೆಯದು.

ಇವೆಲ್ಲಕ್ಕಿಂತ ಮೂಲದ ಪರಿಹಾರವಿರುವುದು ಗದ್ದೆ ಮತ್ತು ಚರಂಡಿಯಲ್ಲಿ. ಮಣ್ಣು ಪರೀಕ್ಷೆಗೆ ಅನುಗುಣವಾಗಿ ಗೊಬ್ಬರ ಹಾಕಿದರೆ ರೈತನ ಹಣವೂ ಉಳಿಯುತ್ತದೆ, ಹಳ್ಳ ಸೇರುವ ರಂಜಕವೂ ತಗ್ಗುತ್ತದೆ. ಪಟ್ಟಣದ ಕೊಳಚೆ ಶುದ್ಧವಾಗದೆ ಕೆರೆ ಸೇರದಂತೆ ನೋಡಿಕೊಳ್ಳುವುದು ಪುರಸಭೆಗಳ ಹೊಣೆ. ಕೊಳವೆ ಬಾವಿಯ ಆರ್ಸೆನಿಕ್ ಮೂಲತಃ ಬಂಡೆಯಿಂದ ಬಂದದ್ದು. ಕೆರೆಯ ಪಾಚಿಗೆ ಮಾತ್ರ ಉಣಿಸುತ್ತಿರುವವರು ನಾವೇ. ಆದ್ದರಿಂದ ಅದನ್ನು ತಡೆಯುವುದೂ ನಮ್ಮ ಕೈಯಲ್ಲಿಯೇ ಇದೆ.