ಗಂಟೆ ಯಾವಾಗ ಹೊಡೆಯುತ್ತೋ...

ಬಾಯಲ್ಲಿ ಸ್ತೋತ್ರ, ಕಣ್ಣು ಗಡಿಯಾರದ ಮೇಲೆ. ನನ್ನ ಪೂಜೆ ಈಚೆಗೆ ಹೀಗೇ ನಡೀತಿದೆ. ಸಂತರಿಗೆ ಹೀಗೆಲ್ಲಾ ಆಗಲ್ಲ ಅನ್ನೋರು ಸ್ಪೇನಿನ ಆವಿಲಾ ಊರಿನ ತೆರೇಸಾ ಬಗ್ಗೆ ಓದಬೇಕು. (ಕೋಲ್ಕತ್ತಾದ ಮದರ್ ತೆರೇಸಾ ಅಲ್ಲ, ಇವರು ಸುಮಾರು ನಾನೂರು ವರ್ಷ ಹಿಂದಿನವರು.)

1535ರಲ್ಲಿ, ಇಪ್ಪತ್ತರ ವಯಸ್ಸಲ್ಲಿ, ಸನ್ಯಾಸಿನಿಯರ ಮಠ ಸೇರಿದರು. ಆಮೇಲೆ ಸುಮಾರು 18 ವರ್ಷ ಪ್ರಾರ್ಥನೆ ಒಣ ಒಣ. ಹೊತ್ತು ಮುಗಿಯುವ ಗಂಟೆಗೇ ಕಿವಿಗೊಟ್ಟು ಕೂತಿರುತ್ತಿದ್ದುದನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕೈಯಲ್ಲೊಂದು ಪುಸ್ತಕ ಇಲ್ಲದೆ ಧ್ಯಾನಕ್ಕೆ ಕೂರುವ ಧೈರ್ಯವೇ ಇರಲಿಲ್ಲವಂತೆ. ಎಷ್ಟೋ ಸಲ ಓದುವುದೂ ಬೇಡ, ಸುಮ್ಮನೆ ತೆರೆದಿಟ್ಟುಕೊಂಡರೆ ಸಾಕು. ಹೊಲ, ನೀರು, ಹೂವು ನೋಡಿದರೂ ಮನಸ್ಸು ನಿಲ್ಲುತ್ತಿತ್ತಂತೆ.

1559ರಲ್ಲಿ ಸ್ಪೇನಿನ ಧಾರ್ಮಿಕ ನ್ಯಾಯಾಲಯ ಜನರ ಭಾಷೆಯಲ್ಲಿದ್ದ ಹಲವು ಭಕ್ತಿಗ್ರಂಥಗಳನ್ನೇ ನಿಷೇಧಿಸಿತು. ಉಳಿದವು ಲ್ಯಾಟಿನ್, ಅದು ಇವರಿಗೆ ಬಾರದು. ಆ ಹೊತ್ತಿಗೆ ಒಣಗಾಲ ಕಳೆದಿತ್ತು, ಆದರೂ ತುಂಬ ನೊಂದುಕೊಂಡರು. ಆಮೇಲೆ ಏನು ಮಾಡಿದರು ಗೊತ್ತಾ? ಅದೇ ಜನರ ಭಾಷೆಯಲ್ಲಿ ತಾವೇ ಬರೆದರು!

1565ರಲ್ಲಿ ಮುಗಿಸಿದ ಆ ಆತ್ಮಕಥೆಯಲ್ಲಿ ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವುದಕ್ಕೆ ಹೋಲಿಸುತ್ತಾರೆ. ಮೊದಲನೆಯದು ಬಾವಿಯಿಂದ ಸೇದುವುದು, ಕೊನೆಯದು ತಾನಾಗಿ ಸುರಿಯುವ ಮಳೆ. ನನಗೆ ಹಿಡಿಸಿದ್ದು ಬಾವಿಯ ಮಾತೇ. ಒಮ್ಮೊಮ್ಮೆ ಅದು ಬತ್ತಿರುತ್ತೆ, ಎಷ್ಟು ಸಲ ಇಳಿಬಿಟ್ಟರೂ ಕೊಡ ಬರಿದಾಗಿಯೇ ಮೇಲೆ ಬರುತ್ತೆ. ತೋಟ ಒಡೆಯನದ್ದು, ನೀರು ಅವನ ಕೈಲಿರೋದು. ತೋಟಗಾರ ಮರುದಿನವೂ ಹಗ್ಗ ಹಿಡಿದು ಹೋಗುತ್ತಾನೆ.