ಟೈಮ್ ಸಿಗದವರ ಕಥೆಗಳು, ಭಾಗ 3: ಮೂರನೇ ಕೈಗೆ ಸಿಕ್ಕ ಪೆನ್ನು

"ಬರೀಬೇಕು ಅಂತ ತುಂಬಾ ಆಸೆ ಇದೆ, ಟೈಮೇ ಸಿಗ್ತಿಲ್ಲ."

ಈ ಮಾತು ನೀವೂ ಹೇಳಿರ್ತೀರಿ. ನಾನಂತೂ ವಾರಕ್ಕೆರಡು ಸಲ ಹೇಳ್ತೀನಿ, ಅದೂ ಫೋನ್ ನೋಡ್ತಾ ಮಲಗಿಕೊಂಡು! ಇವತ್ತು ಎಂ. ಕೆ. ಇಂದಿರಾ ಅವರ ವಿಷಯ.

ಹುಟ್ಟಿದ್ದು 1917, ತೀರ್ಥಹಳ್ಳಿ. ಶಾಲೆಗೆ ಹೋಗಿದ್ದು ಏಳೇ ವರ್ಷ. 12ನೇ ವಯಸ್ಸಿಗೆ ಮದುವೆ. ಕಾದಂಬರಿ ಬರೆಯೋಕೆ ಶುರು ಮಾಡಿದ್ದು ಸುಮಾರು 45ನೇ ವಯಸ್ಸಲ್ಲಿ. 'ತುಂಗಭದ್ರ' ಪ್ರಕಟವಾಗಿದ್ದು 1963ರಲ್ಲಿ. ಮದುವೆಗೂ ಮೊದಲ ಕಾದಂಬರಿಗೂ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ!

ಇಲ್ಲಿ ಸ್ವಲ್ಪ ನಿಲ್ಲಿ. "ನೋಡಿ, 45ಕ್ಕೆ ಶುರು ಮಾಡಿದ್ರೂ ಆಗುತ್ತೆ" ಅಂತ ಹೇಳಿ ಲೈಕ್ ತಗೊಳ್ಳೋದು ಸುಲಭ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಅದೇ 1963ರ ಜುಲೈನಲ್ಲಿ, ಇಂದಿರಾ ಅವರಿಗಿಂತ 11 ವರ್ಷ ಚಿಕ್ಕವರಾದ ತ್ರಿವೇಣಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಯಸ್ಸು 34. ಅಷ್ಟರಲ್ಲೇ ಇಪ್ಪತ್ತು ಕಾದಂಬರಿ ಬರೆದಾಗಿತ್ತು. ಅವರೇನಾದ್ರೂ 45ರ ತನಕ ಕಾದಿದ್ರೆ?

ಹಾಗಾದ್ರೆ ಇಂದಿರಾ ಅವರ ಆ ಮೂವತ್ತು ವರ್ಷ ವ್ಯರ್ಥ ಆಯ್ತಾ? ಅದಕ್ಕೆ 'ಫಣಿಯಮ್ಮ' ನೋಡಬೇಕು.

ಫಣಿಯಮ್ಮ ನಿಜವಾಗಿ ಬದುಕಿದ್ದ ಹೆಂಗಸು. ಚಿಕ್ಕ ಹುಡುಗಿಯಾಗಿದ್ದಾಗಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಜೀವ ಸವೆಸಿದವರು. ನೂರು ದಾಟಿ ಬದುಕಿ 1952ರಲ್ಲಿ ತೀರಿಕೊಂಡರು. ಅವರು ತಮ್ಮ ಬದುಕನ್ನ ಇಂದಿರಾ ಅವರ ತಾಯಿ ಬನಶಂಕರಮ್ಮನವರ ಹತ್ತಿರ ಹೇಳಿಕೊಂಡಿದ್ದರು. ತಾಯಿ ಅದನ್ನ ಮಗಳಿಗೆ ಹೇಳಿದರು. ಮಗಳು ಬರೆದರು. ಪುಸ್ತಕ ಬಂದಿದ್ದು 1976ರಲ್ಲಿ, ಇಂದಿರಾ ಅವರಿಗೆ ಆಗ 59.

ಲೆಕ್ಕ ಹಾಕಿ. ಬದುಕಿದವರೊಬ್ಬರು, ನೆನಪಿಟ್ಟುಕೊಂಡವರೊಬ್ಬರು, ಬರೆದವರು ಇನ್ನೊಬ್ಬರು. ಮೊದಲ ಇಬ್ಬರ ಕೈಗೆ ಪೆನ್ನು ಬರಲೇ ಇಲ್ಲ.

ಮಲೆನಾಡಿನವರಾದ್ರೆ ನಿಮಗಿದು ಹೊಸದಲ್ಲ. ಅಡಿಕೆ ಸುಲಿಯೋ ರಾತ್ರಿ, ಮೆಟ್ಟುಕತ್ತಿ ಮುಂದೆ ಕೂತವರ ಕೈ ತನ್ನ ಪಾಡಿಗೆ ಕೆಲಸ ಮಾಡ್ತಿರುತ್ತೆ, ಬಾಯಲ್ಲಿ ಊರವರ ಕಥೆಯೆಲ್ಲಾ ಬರ್ತಿರುತ್ತೆ. ಹೂ ಕಟ್ಟುವಾಗ, ಹಪ್ಪಳ ಒತ್ತುವಾಗಲೂ ಅಷ್ಟೇ. ಕಥೆ ಹೇಳೋಕೆ ಕೆಲಸ ನಿಲ್ಲಿಸಬೇಕಾಗಿರಲಿಲ್ಲ. ಬರೆಯೋಕೆ ಮಾತ್ರ ನಿಲ್ಲಿಸಲೇಬೇಕು, ಎರಡೂ ಕೈ ಖಾಲಿ ಇರಬೇಕು. ನಮ್ಮ ಹೆಂಗಸರ ಕಥೆಗಳು ಪುಸ್ತಕಕ್ಕೆ ಬರೋಕೆ ಇಷ್ಟು ತಡ ಆಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಕಥೆಗೇನೂ ಬರ ಇರಲಿಲ್ಲ.

ಶುರುವಾದ ಮೇಲೆ ಇಂದಿರಾ ನಿಲ್ಲಲಿಲ್ಲ. ಸುಮಾರು ಐವತ್ತು ಕಾದಂಬರಿ ಬಂದವು. ಪುಟ್ಟಣ್ಣ ಕಣಗಾಲರ 'ಗೆಜ್ಜೆಪೂಜೆ' ಸಿನಿಮಾ ನೋಡಿದ್ದೀರಲ್ಲಾ, ಕಥೆ ಇವರದ್ದೇ. (ಹಾಡು ಬಾಯಿಪಾಠ ಇರೋ ಎಷ್ಟೋ ಜನಕ್ಕೆ ಈ ಹೆಸರು ಗೊತ್ತಿಲ್ಲ.) 'ಫಣಿಯಮ್ಮ'ನನ್ನು ಪ್ರೇಮಾ ಕಾರಂತರು ಸಿನಿಮಾ ಮಾಡಿದರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಅಕ್ಷರದಲ್ಲಿ ತನ್ನ ಕಥೆ ಬರೆಯದ ಒಬ್ಬ ಅಜ್ಜಿಯ ಬದುಕು ಅಷ್ಟು ದೂರ ಹೋಯ್ತು.

ಈಗ ನೀವು ಹೇಳಿ. ನಿಮ್ಮನೇಲಿ ಅಜ್ಜಿ ಅಮ್ಮನಿಗೆ ಹೇಳಿ, ಅಮ್ಮ ನಿಮಗೆ ಹೇಳಿ, ಅಲ್ಲೇ ನಿಂತುಹೋಗಿರೋ ಕಥೆ ಯಾವುದು?

ಮುಂದಿನ ಭಾಗದಲ್ಲಿ ತ್ರಿವೇಣಿ.