ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲವೇ? ಶಿವನಸಮುದ್ರದ ಯೋಜನೆಗಳು ಹೇಳುವುದೇನು

"ಕರೆಂಟ್ ತೆಗೆದ ಮೇಲೆ ನೀರಿನಲ್ಲಿ ಏನು ಸತ್ವ ಉಳಿಯುತ್ತದೆ? ಅಂಥ ನೀರು ಹಾಯಿಸಿದರೆ ಬೆಳೆ ಬರುವುದಿಲ್ಲ" ಎಂಬ ನಂಬಿಕೆ ಹಳ್ಳಿಗಳ ಕಡೆ ಇಂದಿಗೂ ಇದೆ. ಇದು ನಿಜವೇ?

ಚುಟುಕು ಉತ್ತರ: ಇಲ್ಲ. ಆದರೆ ವಿದ್ಯುತ್ ಯೋಜನೆಗಳು ನದಿಯ ಹರಿವನ್ನು ಬದಲಿಸುವುದು ನಿಜ.

ಶಿವನಸಮುದ್ರದಲ್ಲಿ ಕಟ್ಟಿದ್ದೇನು?

ಮಂಡ್ಯ ಜಿಲ್ಲೆ ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರನ್ನು ಕಾಲುವೆಗೆ ತಿರುಗಿಸಿ, ಬೆಟ್ಟದಂಚಿನಿಂದ ಕೊಳವೆಗಳಲ್ಲಿ ಇಳಿಸಿ ವಿದ್ಯುತ್ ತಯಾರಿಸಲಾಗುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆರಂಭವಾದ ಕೆಲಸ 1902ರಲ್ಲಿ ಮುಗಿದು, ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ವಿದ್ಯುತ್ ಕೇಂದ್ರದ ಸುತ್ತ ಬೆಳೆದ ಪುಟ್ಟ ಊರಿಗೆ 'ಬ್ಲಫ್' ಎಂದೇ ಹೆಸರಾಯಿತು.

ಬೇಸಿಗೆಯಲ್ಲಿ ನದಿ ಸೊರಗಿದಾಗ ವಿದ್ಯುತ್ತೂ ಕಡಿಮೆಯಾಗುತ್ತಿತ್ತು. ಈ ಕೊರತೆ ನೀಗಿಸುವುದು 1911ರಲ್ಲಿ ಕನ್ನಂಬಾಡಿಯಲ್ಲಿ ಶುರುವಾದ ಕೆಆರ್‌ಎಸ್ ಅಣೆಕಟ್ಟಿನ ಉದ್ದೇಶಗಳಲ್ಲಿ ಒಂದು, ಇನ್ನೊಂದು ನೀರಾವರಿ. ಹುಣಸೂರು ತಾಲೂಕಿನ ಕಟ್ಟೆಮಳಲವಾಡಿ ಕಡೆಯಿಂದ ಹರಿದುಬರುವ ಲಕ್ಷ್ಮಣತೀರ್ಥವೂ ಸೇರುವುದು ಇದೇ ಜಲಾಶಯವನ್ನು. 1940ರಲ್ಲಿ ಶಿವನಸಮುದ್ರದ ಸಮೀಪ ಶಿಂಷಾ ವಿದ್ಯುತ್ ಕೇಂದ್ರವೂ ಬಂತು.

ಟರ್ಬೈನ್ ಏನನ್ನು ತೆಗೆಯುತ್ತದೆ?

ಎತ್ತರದಿಂದ ಬೀಳುವ ನೀರಿನ ರಭಸವನ್ನು ಮಾತ್ರ. ರಾಗಿ ಬೀಸುವಾಗ ಕಲ್ಲನ್ನು ತಿರುಗಿಸುವುದು ಕೈಯ ಬಲ. ಟರ್ಬೈನ್ ಚಕ್ರವನ್ನು ತಿರುಗಿಸುವುದು ಬೀಳುವ ನೀರಿನ ಬಲ. 1000 ಲೀಟರ್ ನೀರು 100 ಮೀಟರ್ ಕೆಳಗಿಳಿದರೆ ಸಿಗುವುದು ಹೆಚ್ಚೆಂದರೆ ಕಾಲು ಯೂನಿಟ್ ವಿದ್ಯುತ್. ಅದೇ ನೀರು ಜಲಪಾತವಾಗಿ ಬಿದ್ದಿದ್ದರೆ ಆ ಶಕ್ತಿ ಕಲ್ಲು, ಗಾಳಿಗೆ ತಾಗಿ ಶಾಖವಾಗಿ ಹೋಗುತ್ತಿತ್ತು. ಅದರಿಂದ ನೀರು ಬಿಸಿಯಾಗುವುದು ಸುಮಾರು 0.2 ಡಿಗ್ರಿ ಸೆಲ್ಸಿಯಸ್‌ನಷ್ಟು ಮಾತ್ರ. ನೀರಿನಲ್ಲಿ ಕರಗಿರುವ ಲವಣಗಳು ಎರಡು ಸಂದರ್ಭದಲ್ಲೂ ಹಾಗೆಯೇ ಇರುತ್ತವೆ.

ಶಿವನಸಮುದ್ರದ ಟರ್ಬೈನ್ ದಾಟಿದ ನೀರು ಮತ್ತೆ ಕಾವೇರಿ ಸೇರಿ ಮೆಟ್ಟೂರಿಗೆ, ಅಲ್ಲಿಂದ ತಂಜಾವೂರಿನ ಭತ್ತದ ಗದ್ದೆಗಳಿಗೆ ಹೋಗುತ್ತದೆ. ಅಲ್ಲಿ ಬೆಳೆ ನಿಂತಿಲ್ಲ.

ಹಾಗಾದರೆ ಬದಲಾಗುವುದೇನು?

* ಹರಿವಿನ ದಾರಿ: ಕಾಲುವೆಗೆ ತಿರುಗಿದ ನೀರು ಗಗನಚುಕ್ಕಿ, ಭರಚುಕ್ಕಿ ಜಲಪಾತಗಳಿಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಅವು ಬಡವಾಗುತ್ತವೆ.
* ಮೆಕ್ಕಲು: ಜಲಾಶಯದಲ್ಲಿ ನೀರು ನಿಂತಾಗ ಫಲವತ್ತಾದ ಮೆಕ್ಕಲು ಮಣ್ಣು ತಳಕ್ಕೆ ಕೂರುತ್ತದೆ. ಕೆಳಗಿನ ಹೊಲಗಳಿಗೆ ಅದು ಅಷ್ಟಾಗಿ ತಲುಪುವುದಿಲ್ಲ. ಇದಕ್ಕೆ ಕಾರಣ ಅಣೆಕಟ್ಟು, ಟರ್ಬೈನ್ ಅಲ್ಲ; ವಿದ್ಯುತ್ ತಯಾರಿಸದ ಅಣೆಕಟ್ಟಿನಲ್ಲೂ ಹೀಗೇ ಆಗುತ್ತದೆ.
* ಸಮಯ: ನೀರು ಬಿಡುವ ದಿನ ಮತ್ತು ಪ್ರಮಾಣವನ್ನು ಈಗ ನಿರ್ಧರಿಸುವುದು ಮಳೆಯೊಂದೇ ಅಲ್ಲ, ಮನುಷ್ಯರು ಕೂಡ.
* ಹಂಚಿಕೆ: ಬೆಂಗಳೂರಿನ ಕುಡಿಯುವ ನೀರನ್ನು ಎತ್ತುವುದೂ ಶಿವನಸಮುದ್ರದ ಬಳಿಯಿಂದಲೇ. ಅದನ್ನು ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಬೇಕು. ಇಳಿಯುವಾಗ ವಿದ್ಯುತ್ ಕೊಡುವ ನೀರು, ಏರುವಾಗ ಅದಕ್ಕಿಂತ ಹೆಚ್ಚು ಕೇಳುತ್ತದೆ.

ತೀರ್ಮಾನ

ಟರ್ಬೈನ್ ದಾಟಿದ ನೀರನ್ನು ಅನುಮಾನಿಸದೆ ಹೊಲಕ್ಕೆ ಹಾಯಿಸಬಹುದು. ಯಾವುದೇ ಹೊಸ ಯೋಜನೆ ಬಂದಾಗ ನೀರಿನ ಸತ್ವದ ಬಗ್ಗೆ ಚಿಂತಿಸುವ ಬದಲು ಕೇಳಬೇಕಾದ ಪ್ರಶ್ನೆಗಳು ಬೇರೆ: ನದಿಯಲ್ಲಿ ಎಷ್ಟು ನೀರು ಉಳಿಯುತ್ತದೆ, ನಮ್ಮ ಕಾಲುವೆಗೆ ಯಾವಾಗ ಬರುತ್ತದೆ, ಮಳೆ ಕೈಕೊಟ್ಟ ವರ್ಷ ಮೊದಲ ಪಾಲು ಯಾರಿಗೆ?